ಬಡಿಗೇರ ಓಣಿಯ ವಿಮಾನ

ನಮ್ಮ ಓಣಿಯಲ್ಲಿ ಆಗದ ಹೋಗದ ಕೆಲಸಕ್ಕೆಲ್ಲ ಒಂದೇ ಮಾತು: "ಓಣಿ ವಿಮಾನ ಹಾರಿದಂಗ." ಜನವಾಡದಿಂದ ಭಾಲ್ಕಿಗೆ ಸೊಸೆಯಾಗಿ ಬಂದ ಮೊದಲ ವಾರವೇ ಅದು ನನ್ನ ಕಿವಿಗೆ ಬಿತ್ತು. ನಾನು ಬಡಿದ ಜೋಳದ ರೊಟ್ಟಿ ಹಂಚಿನ ಮೇಲೆ ಚಪ್ಪಟೆಯಾಗಿ ಬಿದ್ದುಕೊಂಡಿತ್ತು. ಅತ್ತೆ ಪಕ್ಕದಲ್ಲಿ ನಿಂತು ನೋಡಿ, "ಈಕಿ ರೊಟ್ಟಿ ಉಬ್ಬೂದು ಓಣಿ ವಿಮಾನ ಹಾರಿದಂಗ" ಎಂದರು. ರೊಟ್ಟಿಯ ಅವಮಾನ ಅಲ್ಲೇ ಮರೆತುಹೋಯಿತು. "ಯಾವ ವಿಮಾನರಿ ಅತ್ತಿ?" ಎಂದು ತಿರುಗಿ ಕೇಳಿದೆ. ಹೊಸ ಸೊಸೆ ಹಾಗೆಲ್ಲ ತಿರುಗಿ ಕೇಳಬಾರದಂತೆ. ಕೇಳುವ ಚಟ ನನಗೆ ಹುಟ್ಟಿನಿಂದ ಬಂದದ್ದು, ಏನು ಮಾಡಲಿ.

ಆಗ ಸಿಕ್ಕ ಕಥೆ ಇಷ್ಟು. ನಮ್ಮ ಓಣಿಯ ಬಡಿಗೇರ ಕಾಕಾ ಒಬ್ಬರು ಹರೆಯದಲ್ಲಿ ಹೈದರಾಬಾದಿಗೆ ಮರಗೆಲಸಕ್ಕೆ ಹೋಗಿದ್ದಾಗ, ಎಂಜಿನ್ನೇ ಇಲ್ಲದೆ ಗಾಳಿಯಲ್ಲಿ ತೇಲುವ ವಿಮಾನ ನೋಡಿ ಬಂದಿದ್ದರು. ಬಂದವರೇ, ನಾವೂ ಒಂದು ಮಾಡೋಣ ಎಂದರು. ನಮ್ಮದು ಎತ್ತಿನ ಬಂಡಿ ಮಾಡುವ ಓಣಿ. ಗಾಲಿ ಮಾಡುವವರು ರೆಕ್ಕೆಯ ಎಲುಬು ಕಡೆದರು, ದರ್ಜಿಗಳು ಬಟ್ಟೆ ಹೊಲಿದರು, ಚಿಂತಾಕಿ ಊರಿನಿಂದ ಕಂಬಳಿ ನೇಯುವವರು ಬಂದು ಆ ಬಟ್ಟೆಗೆ ಗಂಜಿ ಹಾಕಿ ಬಿಗಿ ಮಾಡಿದರು. ಹಗ್ಗ ಕಟ್ಟಿ, ಅಡತಿ ಅಂಗಡಿಯ ದಲಾಲರಿಂದ ಕೇಳಿ ತಂದ ಜೀಪಿನಿಂದ ಎಳೆದರೆ ಅದು ಮೇಲೇಳಬೇಕು. ಮೇಲೆದ್ದ ಮೇಲೆ ಹಗ್ಗ ಕಳಚಿ ತೇಲಿಕೊಂಡು ಇಳಿಯಬೇಕು.

ಆ ವರ್ಷ ಎಳ್ಳಮಾಸಿಯ, ಅಂದರೆ ಎಳ್ಳ ಅಮಾವಾಸ್ಯೆಯ ದಿನ, ಚಿಂತಾಕಿಯಲ್ಲಿದ್ದ ಸ್ವಂತ ಹೊಲಕ್ಕೆ ಮೊದಲೇ ಒಯ್ದಿಟ್ಟಿದ್ದ ಅದು ಹಾರಿತು ಎಂದು ಕಾಕಾ ಬಂದು ಹೇಳಿದರು. ಅಲ್ಲಿ ಇದ್ದವರು ಗಂಡ ಹೆಂಡತಿ ಇಬ್ಬರೇ. ಎಳ್ಳಮಾಸಿ ಅಂದರೆ ನಮ್ಮ ಕಡೆ ಊರೊಳಗೆ ನಾಯಿ ಬಿಟ್ಟರೆ ಯಾರೂ ಇರುವುದಿಲ್ಲ. ಅವರವರು ಅವರವರ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಸಜ್ಜಿರೊಟ್ಟಿ ಭಜ್ಜಿ ಉಂಡು, ಅಂಬಲಿ ಕುಡಿದು, ಗಿಡದ ನೆರಳಿಗೆ ಉರುಳಿರುತ್ತಾರೆ. ಕಾಕಾನ ಹೊಲವೋ ದಿಬ್ಬದ ಆಚೆ, ಊರ ಕಟ್ಟಕಡೆಗೆ. ಯಾರು ನೋಡಬೇಕು? ಓಣಿಯವರು "ನಮಗೂ ತೋರಸ್ರಿ" ಎಂದು ಗಂಟುಬಿದ್ದರು. ಮುಂದಿನ ಆಗಸ್ಟ್ ಹದಿನೈದಕ್ಕೆ ಭಾಲ್ಕಿಯ ಬಯಲಿನಲ್ಲಿ ಮಂದಿಯೋ ಮಂದಿ. ಕಾಕಾ ವಿಮಾನದಲ್ಲಿ ಕುಳಿತರು, ಅಡತಿ ಅಂಗಡಿಯವರ ಡ್ರೈವರ್ ಜೀಪಿನಿಂದ ಎಳೆದ. ವಿಮಾನ ಕೆಸರಲ್ಲಿ ಎಮ್ಮೆಯ ಹಾಗೆ ಜಾರುತ್ತ ಜಾರುತ್ತ ಹೋಗಿ ಜಾಲಿ ಬೇಲಿಗೆ ನಿಂತಿತು. ಅಂದಿನಿಂದ ಕಾಕಾ ಸುಳ್ಳುಗಾರ, ಅವರ ಹೆಂಡತಿ ಸುಳ್ಳಿಗೆ ಹೂಂಗುಟ್ಟಿದವಳು.

ನಾನು ನೋಡುವಾಗ ಕಾಕಾ ಮಂಚದ ಕಾಲು, ಲಟ್ಟಣಿಗೆ ಮಾಡಿಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದರು. ಹೋಗಿ ಬರುವವರು ಚೇಷ್ಟೆ ಮಾಡಿದರೂ ನಗುತ್ತಿದ್ದರು. ಒಂದು ದಿನ ನಾನು ಎದುರಿಗೇ ಕೇಳಿದೆ.

"ಕಾಕಾ, ಖರೇ ಹಾರಿತ್ತೇನ್ರಿ?"

"ಹಾರಿತ್ತವ್ವಾ. ಯಾವ ದೇವರ ಮುಂದ ಬೇಕಾದ್ರೂ ಹೇಳ್ತೇನಿ."

"ಮ್ಯಾಲ ಹ್ಯಾಂಗ ಇತ್ತರಿ?"

"ಅದನ್ನ ನಾ ಹ್ಯಾಂಗ ಹೇಳ್ಲಿ?" ಎಂದು ಉಳಿ ಎತ್ತಿಕೊಂಡರು. ಇಷ್ಟೂ ಹೇಳಲಿಕ್ಕೆ ಬಾರದವನು ಹಾರಿರಲಿಕ್ಕಿಲ್ಲ ಎಂದು ನಾನೂ ಮನಸ್ಸಿನಲ್ಲೇ ತೀರ್ಪು ಕೊಟ್ಟು ಮನೆಗೆ ಬಂದೆ. ಮುಂದೆ ಕೆಲವು ವರ್ಷಕ್ಕೆ ಕಾಕಾ ತೀರಿಕೊಂಡರು. ಅವರ ಹೆಂಡತಿ, ಓಣಿಗೆಲ್ಲ ಆಯಿ, ಔರಾದಿನಲ್ಲಿ ಮೇಷ್ಟ್ರಾಗಿರುವ ಮಗನ ಮನೆಗೆ ಹೋದರು.

ವಿಮಾನ ಮಾತ್ರ ಓಣಿಯ ತುದಿಯ ಮುಚ್ಚಿದ ಹತ್ತಿ ಜಿನ್ನಿನ ಗೋದಾಮಿನಲ್ಲಿ ಬಿದ್ದಿತ್ತು. ಹೋದ ವರ್ಷ ಗೋದಾಮು ಕೆಡವುತ್ತಾರೆ ಎಂಬ ಸುದ್ದಿ ಬಂದಾಗ, ಕಾಕಾನ ತಮ್ಮನ ಮಗ ನನ್ನ ಹೊಲಿಗೆ ಅಂಗಡಿಗೆ ಬಂದ. ಪ್ಲೈವುಡ್ ಕಪಾಟು ಮಾಡಿ ಜೀವನ ಮಾಡುವ ಬಡಿಗ ಅವನು, ನಾನು ಕರೆಯುವುದು ಬಡಿಗ ತಮ್ಮ ಎಂದೇ. "ಅಕ್ಕಾ, ದೊಡ್ಡಪ್ಪನ ವಿಮಾನ ರಿಪೇರಿ ಮಾಡೋಣಂತ. ಬಟ್ಟಿ ಕೆಲಸ ನೀವು ನೋಡ್ಕೋರಿ" ಎಂದ. ಹುಚ್ಚು ಹಿಡಿದಿದೆ ಇವನಿಗೆ ಅಂದುಕೊಳ್ಳುತ್ತಲೇ ನನ್ನ ಕಾಲು ಚಪ್ಪಲಿ ಹುಡುಕುತ್ತಿತ್ತು. ಬೀದರಿನಿಂದ ಒಬ್ಬ ಫಿಟ್ಟರ್ ಕಾಕಾ ಸೇರಿಕೊಂಡರು. ಮೂಲ ಕಮಠಾಣದವರು, ವಾಯುಪಡೆಯಲ್ಲಿ ವಿಮಾನ ದುರಸ್ತಿ ಮಾಡಿ ನಿವೃತ್ತರಾದವರು. ರವಿವಾರ ರವಿವಾರ ಬೈಕ್ ಮೇಲೆ ಭಾಲ್ಕಿಗೆ ಬರುತ್ತಿದ್ದರು. ಓಣಿಯ ಮಂದಿ ನಗುತ್ತಲೇ ಬಂದು, ನಗುತ್ತಲೇ ಕೈ ಹಾಕಿದರು. ಒಬ್ಬರು ಧೂಳು ಒರೆಸಿದರೆ ಇನ್ನೊಬ್ಬರು ಚಹಾ ತಂದರು.

ಜಿಲ್ಲೆಯ ಹಳೆಯ ವಸ್ತುಗಳನ್ನು ಇಡುವ ಜಾಗವೊಂದು ಬೀದರಿನಲ್ಲಿದೆ. ಅಲ್ಲಿಯ ಸಾಹೇಬರು ಬಂದು ನೋಡಿ ಖುಷಿಯಾದರು, ನಾವು ಇಟ್ಟುಕೊಳ್ಳುತ್ತೇವೆ ಎಂದರು. ಫಲಕಕ್ಕೆ ಒಕ್ಕಣೆಯನ್ನೂ ಓದಿ ಹೇಳಿದರು: "ಭಾಲ್ಕಿಯ ಕುಶಲಕರ್ಮಿಗಳು ನಿರ್ಮಿಸಿದ, ಹಾರಲಾಗದ ವಿಮಾನ." ನಮಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ ಸಂಜೆಗೆ ಔರಾದಿನಿಂದ ಆಯಿಯ ಫೋನು ಬಂತು.

"ಹಾರಲಿಲ್ಲ ಅಂತ ಬರಿಯೂದಿದ್ರ ಒಯ್ಯಬ್ಯಾಡ್ರಿ. ಒಲಿಗಿ ಹಾಕ್ರಿ. ಅವರು ಬದುಕಿದ್ದಾಗ ಊರ ಬಾಯಾಗ ಸುಳ್ಳಗಾರ ಆದ್ರು. ಇನ್ನ ಸತ್ತ ಮ್ಯಾಲ ಗ್ವಾಡಿ ಮ್ಯಾಲೂ ಆಗಬೇಕೇನು?"

ವಿಮಾನ ಆಯಿಯದು. ಅವರು ಒಲ್ಲೆ ಅಂದರೆ ಮುಗಿಯಿತು. ಸಾಹೇಬರೂ ಕೆಟ್ಟವರಲ್ಲ. "ಹಾರಿದ್ದಕ್ಕೆ ಏನಾದರೂ ಸಾಕ್ಷಿ ತೋರಿಸಿ, ಸಂತೋಷದಿಂದ ಬರೆಸುತ್ತೇನೆ" ಎಂದರು. ಐವತ್ತು ವರ್ಷದ ಹಿಂದಿನ ಹಾರಾಟಕ್ಕೆ ಎಲ್ಲಿಯ ಸಾಕ್ಷಿ? ಗಾಳಿಯಲ್ಲಿ ಗಾಲಿಯ ಗುರುತು ಉಳಿಯುತ್ತದೆಯೇ? ಬಡಿಗ ತಮ್ಮ ಮುಖ ಸಪ್ಪೆ ಮಾಡಿಕೊಂಡ. ನನಗೋ ಒಳಗೊಳಗೇ ಕೆರೆತ ಶುರುವಾಯಿತು.

ಬಿಚ್ಚುತ್ತ ಹೋದಂತೆ ವಿಮಾನ ವಿಚಿತ್ರವಾಗುತ್ತ ಹೋಯಿತು. ಫಿಟ್ಟರ್ ಕಾಕಾ ಒಳಗೆ ತಲೆ ತೂರಿಸಿ, "ಅರೇ, ಇದರಾಗ ಒಂದೂ ಮೊಳಿ ಇಲ್ಲಲ್ರಿ! ಎಲ್ಲಾ ಬೆಣಿ! ಇವರು ವಿಮಾನ ಮಾಡಿಲ್ಲ, ಬಂಡಿ ಮಾಡ್ಯಾರ" ಎಂದು ಕೂಗಿದರು. ಬಡಿಗ ತಮ್ಮನಿಗೆ ಅದರಲ್ಲಿ ಆಶ್ಚರ್ಯವಿರಲಿಲ್ಲ. ಮೊಳೆ ಅಲುಗಾಟಕ್ಕೆ ಸಡಿಲಾಗುತ್ತದೆ, ಮರದ ಬೆಣೆ ಕಚ್ಚಿಕೊಳ್ಳುತ್ತದೆ. "ನಮ್ಮ ಹಿರ್ಯಾರ ಮಾತು ಹಂಗ ಅದರಿ ಕಾಕಾ. ಇರೂ ಕೆಲಸಕ್ಕ ಬೆಣಿ, ತಗಿಯೂ ಕೆಲಸಕ್ಕ ಮೊಳಿ." ಆದರೆ ಒಂದು ಕಡೆ ಮಾತ್ರ ಮೊಳೆಯ ತೂತುಗಳಿದ್ದವು. ವಿಮಾನ ತಿರುಗಿಸಲು ಕಾಲಿನಿಂದ ಒತ್ತುವ ಅಡ್ಡಪಟ್ಟಿಯ ಎರಡೂ ತುದಿಗೆ, ಜೋಡಿ ಜೋಡಿ ತೂತು. ಏನೋ ಬಡಿದು ಆಮೇಲೆ ಕಿತ್ತ ಗುರುತು. ನಾನು ಬೆರಳಿಟ್ಟು ನೋಡಿದೆ. "ಇಲ್ಲಿ ಏನಿತ್ತು?" ಎಂದೆ. ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ತನಕ ತುಂಬಬೇಡಿ ಎಂದು ಫಿಟ್ಟರ್ ಕಾಕಾ ತಾಕೀತು ಮಾಡಿದರು.

ಬಟ್ಟೆಯ ಕೆಲಸ ನನ್ನ ಪಾಲಿಗೆ ಬಂತು. ಫಿಟ್ಟರ್ ಕಾಕಾನದು ಒಂದೇ ಹಟ, ಮೊದಲು ಹೇಗಿತ್ತೋ ಹಾಗೇ ಆಗಬೇಕು. ಅಂದರೆ ಹುಣಸೆಬೀಜದ ಗಂಜಿ. ಕಂಬಳಿಯ ನೂಲಿಗೆ ಹಾಕುವುದೂ ಅದೇ. ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಹಾಕಿ, ರುಬ್ಬಿ, ನೀರಲ್ಲಿ ಕುದಿಸಿ ಕುದಿಸಿ ನನ್ನ ರಟ್ಟೆ ಬಿದ್ದುಹೋಯಿತು. ಮನೆಯವರು "ಊಟಕ್ಕೂ ಇದೇ ಏನು?" ಎಂದು ಕೆಣಕಿದರು. ಹೂಂ, ಅದನ್ನೇ ಬಡಿಸುತ್ತೇನೆ ಎಂದೆ. ಬೇಸಗೆಯ ಬಿಸಿಲಿಗೆ ಗಂಜಿ ಕುಡಿದ ಬಟ್ಟೆ ಒಣಗಿ ಹಲಗೆಯ ಹಾಗೆ ಬಿಗಿದುಕೊಂಡಿತು. ಬೆರಳಿನಿಂದ ಹೊಡೆದರೆ ಢಣ್ ಎನ್ನುತ್ತಿತ್ತು. ಮೊದಲ ಸಲ ನನಗೇ ಇದು ಹಾರಬಹುದು ಅನ್ನಿಸಿತು.

ಮಳೆ ಹಿಡಿಯಿತು. ಒಂದು ರವಿವಾರ ಗೋದಾಮಿನ ಬಾಗಿಲು ತೆಗೆದು ನೋಡಿದೆ. ರೆಕ್ಕೆಯ ಬಟ್ಟೆ ಒಣಗದ ಧೋತರದ ಹಾಗೆ ಜೋತುಬಿದ್ದಿತ್ತು. ಹನಿ ನೀರು ಸೋರಿರಲಿಲ್ಲ, ಬರೀ ಥಂಡಿ ಗಾಳಿಗೇ ಗಂಜಿ ಮೆತ್ತಗಾಗಿತ್ತು. "ನನ್ನ ರಟ್ಟಿ ಮುರದು ಮಾಡಿದ್ದರಿ ಇದು!" ಎಂದು ನಾನು ಹೊಯ್ದುಕೊಂಡೆ. ಫಿಟ್ಟರ್ ಕಾಕಾ ರೆಕ್ಕೆ ಮುಟ್ಟಿ ನೋಡಿ, ಹಣೆ ಬಡಿದುಕೊಂಡು ನಗಲಿಕ್ಕೆ ಹತ್ತಿದರು.

"ಆಗಸ್ಟ್ ಹದಿನೈದು! ಅಕ್ಕಾ, ಅವತ್ತೂ ಹಿಂಗ ಆಗಿರ್ತದರಿ! ಜೋತ ಬಿದ್ದ ರೆಕ್ಕಿ ಗಾಳಿ ಹಿಡಿಯಂಗಿಲ್ಲ. ದೇವರ ಬಂದು ಕುಂತರೂ ಏಳಂಗಿಲ್ಲ."

ಕಂಬಳಿ ಮೊದಲ ಮಳೆಗೆ ಮೆತ್ತಗಾದರೆ ಯಾರೂ ಚಿಂತೆ ಮಾಡುವುದಿಲ್ಲ, ಹೊದೆಯಲಿಕ್ಕೆ ಮೆತ್ತಗಿದ್ದರೇ ಒಳ್ಳೆಯದು. ಕಂಬಳಿಯವರು ವಿಮಾನಕ್ಕೂ ಅದನ್ನೇ ಹಾಕಿ ಕೈ ತೊಳೆದುಕೊಂಡಿದ್ದರು. ಚಳಿಗಾಲದ ಒಣ ಹವೆಯ ಎಳ್ಳಮಾಸಿ ಬೇರೆ, ಮಳೆಗಾಲದ ಆಗಸ್ಟ್ ಬೇರೆ ಎಂದು ಯಾರ ತಲೆಗೂ ಹೊಳೆದಿರಲಿಲ್ಲ. ನಾನು ಕುಣಿಯುವುದೊಂದು ಬಾಕಿ. ಆದರೆ ಸಾಹೇಬರಿಗೆ ಫೋನು ಮಾಡಿದರೆ ಅವರು ಎಲ್ಲ ಕೇಳಿಸಿಕೊಂಡು, "ಆ ದಿನ ಯಾಕೆ ಹಾರಲಿಲ್ಲ ಅನ್ನುವುದು ತಿಳಿಯಿತಮ್ಮ. ಎಳ್ಳಮಾಸಿಯ ದಿನ ಹಾರಿತು ಅನ್ನುವುದಕ್ಕೆ?" ಎಂದರು. ಸಿಟ್ಟು ಬಂತು. ಹೇಳಿದ್ದು ಖರೆ ಆದ್ದರಿಂದ ಇನ್ನೂ ಹೆಚ್ಚು ಬಂತು.

ಅದೇ ಸಿಟ್ಟಿನಲ್ಲಿ ಬಟ್ಟೆಯ ಅಂಚು ಹೊಲಿಯುತ್ತ ಕುಳಿತವಳು ಫಿಟ್ಟರ್ ಕಾಕಾನನ್ನು ಸುಮ್ಮನೆ ಕೇಳಿದೆ. "ಕಾಕಾ, ಇದನ್ನ ಹಾರಸಲಾಕ ಎಷ್ಟು ಮಂದಿ ಬೇಕ್ರಿ?"

"ರೆಕ್ಕಿಗಿ ಕವೆಗೋಲು ಕೊಟ್ಟು ನಿಂದರಸಿದ್ರ ಇಬ್ಬರು ಸಾಕು. ಜೀಪ್ ಓಡಸಾಕ ಒಬ್ಬ, ಒಳಗ ಕುಂದರಾಕ ಒಬ್ಬ."

ನನ್ನ ಸೂಜಿ ನಿಂತಿತು. ಹೊಲದಲ್ಲಿ ಇದ್ದವರು ಇಬ್ಬರೇ, ಗಂಡ ಮತ್ತು ಹೆಂಡತಿ. ಬಡಿಗೇರ ಕಾಕಾ ವಿಮಾನದಲ್ಲಿದ್ದರೆ ಜೀಪು ಓಡಿಸಿದವರು ಯಾರು? ಆಯಿಗೆ ಸೈಕಲ್ ಕೂಡ ಬರುತ್ತಿರಲಿಲ್ಲ ಎಂದು ಓಣಿಗೆಲ್ಲ ಗೊತ್ತು. ನಾನು ಗಟ್ಟಿಯಾಗಿ ಕೇಳಿದೆ. ಬಡಿಗ ತಮ್ಮ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟ. ಐವತ್ತು ವರ್ಷ ಇಡೀ ಓಣಿ ಆಡಿಕೊಂಡ ಕಥೆ ಇದು, ಅದರೊಳಗಿನ ಇಬ್ಬರನ್ನು ಎಣಿಸಿ ನೋಡಿದವರು ಒಬ್ಬರೂ ಇರಲಿಲ್ಲ.

ಮರುದಿನವೇ ಮೂವರೂ ಔರಾದಿನ ಬಸ್ಸು ಹತ್ತಿದೆವು. ಆಯಿ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದರು. ಚಹಾ ಆಯಿತು, ಮಳೆ ಬೆಳೆ ಆಯಿತು. ನನಗೆ ತಡೆಯಲಾಗಲಿಲ್ಲ.

"ಆಯಿ, ಎಳ್ಳಮಾಸಿ ದಿನ ಜೀಪ್ ಯಾರು ಓಡಸಿದ್ರಿ?"

ಮೊರ ನಿಂತಿತು. "ಅವರ ಓಡಸಿದ್ರು."

"ಹಂಗಾದ್ರ ವಿಮಾನದಾಗ?"

ಆಯಿ ಮೊರವನ್ನು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದರು. "ಹಾರಿತೇನು, ಹಾರಿತೇನು ಅಂತ ಊರ ಮಂದಿ ಎಲ್ಲಾ ಕೇಳಿದ್ರು. ಜೀಪ್ ಯಾರು ಓಡಸಿದ್ರು ಅಂತ ಕೇಳಿದಾಕಿ ನೀನ ಮೊದಲ ನೋಡವ್ವಾ. ನಾನ ಕುಂತಿದ್ದೆ."

ಆಮೇಲೆ ಅವರು ತಾವಾಗಿ ಹೇಳುತ್ತ ಹೋದರು. ಅತ್ತೆ ಮಾವ ಆ ದಿನ ಹಬ್ಬಕ್ಕೆ ಔರಾದಿನ ಮಗಳ ಹೊಲಕ್ಕೆ ಹೋಗಿದ್ದರಂತೆ. "ನಾ ಆಗ ಕಸಬರಗಿ ಹಂಚಿಕಡ್ಡಿ ಇದ್ದಂಗ ಇದ್ದೆ. ಹಗರ ಇದ್ದಾವರ ಕುಂತ್ರ ಜಲ್ದಿ ಏಳ್ತದ ಅಂದ್ರು. ಜೀಪೂ ನನಗ ಬರ್ತಿದ್ದಿಲ್ಲಲ್ಲ. ಸೀರಿ ಕಚ್ಚಿ ಹಾಕ್ಕೊಂಡು ಕುಂತೆ. ಕಾಲು ಎಟಕಲಿಲ್ರಿ. ಕಾಲ ಪಟ್ಟಿಗಿ ಎರಡು ಕಟಗಿ ತುಂಡು ಮೊಳಿ ಬಡದು ಕೊಟ್ರು. ಆಮ್ಯಾಲ ಅವರ ಕಿತ್ತಿಟ್ರು."

ಬಡಿಗ ತಮ್ಮ ಎದ್ದೇ ನಿಂತ. ತೂತಿನ ಸುದ್ದಿ ನಾವು ಆಯಿಗೆ ಹೇಳಿಯೇ ಇರಲಿಲ್ಲ. ಅವನು "ದೊಡ್ಡವ್ವಾ" ಎಂದ. ಬಗ್ಗಿ ಅವರ ಕಾಲು ಮುಟ್ಟಿದ. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು.

"ಮತ್ತ ಹೇಳಬಾರ್ದಿತ್ತೇನ್ರಿ ಆಯಿ? ಕಾಕಾ ಅಷ್ಟು ಮಾತು ಕೇಳಿದ್ರಲ್ರಿ ಮಂದೀದು!"

"ಸೊಸಿ ಕಚ್ಚಿ ಹಾಕ್ಕೊಂಡು ವಿಮಾನದಾಗ ಕುಂತಿದ್ಲು ಅಂದ್ರ ನಮ್ಮತ್ತಿ ಮನ್ಯಾಗ ಇಟ್ಕೋತಿದ್ಲೇನು? ಇಳದ ಕೂಡ್ಲೆ ನಾನ ಅವರ ಕೈ ಹಿಡದು ಆಣಿ ತಗೊಂಡೆ, ಯಾರ ಮುಂದೂ ನನ್ನ ಹೆಸರ ತಗೀಬ್ಯಾಡ್ರಿ ಅಂತ. ಅತ್ತಿ ಸತ್ತ ಮ್ಯಾಲ, ಇನ್ನ ಹೇಳೋಣರಿ ಅಂದೆ. ಅವರು, ಈಗ ಹೇಳಿದ್ರ ನನ್ನ ಸುಳ್ಳ ಮುಚ್ಚಲಾಕ ನೀ ಇನ್ನೊಂದು ಸುಳ್ಳ ಕಟ್ಟಿದಿ ಅಂತಾರ, ಸುಮ್ಮಿರು ಅಂದ್ರು. ಸುಮ್ಮಿದ್ದೆ."

ಮೇಲೆ ಹೇಗಿತ್ತು ಎಂದು ಕೇಳಿದಾಗ ಕಾಕಾ ಯಾಕೆ ಉತ್ತರ ಕೊಡಲಿಲ್ಲ ಎಂದು ಆಗ ತಿಳಿಯಿತು. ಪಾಪ, ಅವರು ಕೊನೆಯವರೆಗೂ ಹಾರಿದವರಲ್ಲ. ಹಾರಿದ್ದನ್ನು ಕೆಳಗಿನಿಂದ ನೋಡಿದವರು. ಹಾರಿತು ಎಂದರೇ ಹೊರತು ನಾನು ಹಾರಿದೆ ಎಂದು ಒಮ್ಮೆಯೂ ಅಂದವರಲ್ಲ. ನಾವೇ ಹಾಗೆಂದು ತಿಳಿದುಕೊಂಡಿದ್ದೆವು.

ಚಳಿ ಬಿದ್ದ ಮೇಲೆ ರೆಕ್ಕೆ ಮತ್ತೆ ಬಿಗಿಯಾಯಿತು. ಸಾಹೇಬರು ಭಾಲ್ಕಿಗೆ ಬಂದರು, ಆಯಿಯನ್ನೂ ಮಗ ಕರೆತಂದ. ಓಣಿಗೆ ಓಣಿಯೇ ಗೋದಾಮಿನಲ್ಲಿ ನೆರೆದಿತ್ತು. ಬಡಿಗ ತಮ್ಮ ಆಯಿ ಹೇಳಿದ ಅಳತೆಗೆ ಎರಡು ಮರದ ತುಂಡು ಕಡಿದು ತಂದಿದ್ದ. ಅವುಗಳನ್ನು ಹಳೆಯ ತೂತಿನ ಮೇಲೆ ಇಟ್ಟು, ಆಯಿಯನ್ನು ಮೆಲ್ಲಗೆ ಒಳಗೆ ಕೂರಿಸಿದೆವು. ಎರಡೂ ಪಾದ ತುಂಡಿನ ಮೇಲೆ ಸರಿಯಾಗಿ ಕುಳಿತವು. ತುಂಡು ತೆಗೆದು ನೋಡಿದರೆ ಕಾಲು ಪಟ್ಟಿಗೆ ಎಟಕಲಿಲ್ಲ. ಸಾಹೇಬರು ತಾವೇ ಬಗ್ಗಿ ತೂತು ನೋಡಿದರು, ಏನೇನೋ ಪ್ರಶ್ನೆ ಕೇಳಿದರು. ಹಗ್ಗ ಹೇಗೆ ಬಿಟ್ಟಿರಿ? "ಕೊಂಡಿ ಜಗ್ಗಿದೆ." ಹೇಗೆ ಇಳಿಸಿದಿರಿ? "ನಾ ಎಲ್ಲಿ ಇಳಸಿದೆರಿ? ಅದ ಇಳೀತು. ಇಳಿಯೂಮುಂದ ನಾ ಕಣ್ಣ ಮುಚ್ಕೊಂಡು ಕುಂತಿದ್ದೆ." ಎಲ್ಲರೂ ನಕ್ಕರು. ಸಾಹೇಬರೂ ನಕ್ಕು, ಹಾರಿತು ಎಂದೇ ಬರೆಸುತ್ತೇನೆ, ಹಾರಿಸಿದವರು ನೀವು ಎಂದೂ ಬರೆಸುತ್ತೇನೆ ಎಂದರು. ನನ್ನ ಪಕ್ಕದಲ್ಲಿದ್ದ ಹೆಂಗಸೊಬ್ಬಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಎಷ್ಟು ಎತ್ತರ ಹೋಗಿತ್ತು ಆಯಿ? ಅಂದಾಜು ಹೇಳಿದರೂ ಸಾಕು" ಎಂದರು ಸಾಹೇಬರು.

ಆಯಿ ಒಳಗೇ ಕುಳಿತು ಯೋಚಿಸಿದರು. "ನಮ್ಮ ಹೊಲದಾಗ ಒಂದು ಬೇವಿನ ಗಿಡ ಇತ್ತರಿ. ಅದರ ತುದಿಗಿ ಹದ್ದಿನ ಗೂಡ. ತಳಗ ನಿಂತು ನೋಡಿದ್ರ ಬರೇ ಕಡ್ಡಿ ಕಾಣ್ತಿದ್ವು. ಅವತ್ತ ನಾ ಆ ಗೂಡಿನ ಒಳಗ ನೋಡಿದೆ."

"ಏನಿತ್ತರಿ ಒಳಗ?" ಕೇಳಿದವಳು ನಾನೇ.

"ನಮ್ಮತ್ತಿ ಖಣದ ಕುಬಸ."

ಹಿಂದೆ ನಿಂತವರು ವಿಮಾನದ ಹತ್ತಿರಕ್ಕೆ ಸರಿದರು. ಆಯಿ ಹೇಳುತ್ತ ಹೋದರು.

"ಹಬ್ಬಕ್ಕ ನಾಕ ದಿನ ಮೊದಲ ಅದೇ ಹೊಲದ ಬಾವಿ ಕಡೆ ಒಗದು ಒಣಾ ಹಾಕಿದ್ದೆ. ಮಧ್ಯಾಹ್ನ ನೋಡಿದ್ರ ಇಲ್ಲ. ತವರಮನಿಗಿ ಸಾಗಸಿದಿ ಅಂತ ಅತ್ತಿ ಹಾರಾಡಿದ್ಲು. ಹದ್ದು ಒಯ್ದು ಗೂಡಿನಾಗ ಹಾಸಿತ್ತು, ಕೆಂಪಂದು, ಅಂಚು ಸುದ್ದಾ ಕಂಡೆ."

"ಮತ್ತ ಅತ್ತಿಗಿ ಹೇಳಲಿಲ್ಲೇನ್ರಿ?"

"ಹ್ಯಾಂಗ ಹೇಳ್ಲೆವ್ವಾ? ಅಷ್ಟು ಮ್ಯಾಲಿಂದು ನಿನಗ ಹ್ಯಾಂಗ ಕಂಡೀತು ಅಂದ್ರ ಏನನ್ನಲಿ? ಆಕಿ ಸಾಯೂತನಕ ನನ್ನ ಕಳ್ಳಿ ಅಂದ್ಲು. ಊರು ಅವರನ್ನ ಸುಳ್ಳಗಾರ ಅಂತು. ಉಣ್ಣಾಕ ಕುಂತಾಗ ಒಬ್ಬರ ಮಾರಿ ಒಬ್ಬರು ನೋಡಿ ನಗತಿದ್ವಿ, ಸುಳ್ಳಗಾರಗ ಕಳ್ಳಿ ಛಲೋ ಜೋಡಿ ಅಂತ." ಆಯಿ ರೆಕ್ಕೆಯ ಬಟ್ಟೆಯ ಮೇಲೆ ಕೈ ಆಡಿಸಿದರು. ಸಾಹೇಬರ ಕಡೆ ತಿರುಗಿ ಅಂದರು: "ಬೇವಿನ ಗಿಡಕ್ಕಿಂತ ಒಂದು ಮೊಳ ಹೆಚ್ಚ ಅಂತ ಬರೀರಿ. ಈಗ ನನ್ನ ಕೇಳಾಕ ಅತ್ತಿನೂ ಇಲ್ಲ, ಕೂಡಿ ನಗಲಾಕ ಅವರೂ ಇಲ್ಲ."